ಅಮ್ಮನಿಗೆ ಸ್ತನ ಕ್ಯಾನ್ಸರ್ ಬಂದರೆ ಮಗಳಿಗೂ ಬರುತ್ತದೆಯೇ? ಅಪಾಯ ಹೆಚ್ಚಿರುವವರಿಗೆ ಸಿಗಬೇಕಾದ ಸಲಹೆ ಇದು

ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಎಂದು ವರದಿ ಬಂದ ಮೇಲೆ ಮೊದಲ ಕೆಲವು ತಿಂಗಳು ಎಲ್ಲರ ಗಮನವೂ ಅವರ ಚಿಕಿತ್ಸೆಯ ಮೇಲೇ ಇರುತ್ತದೆ. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಮನೆಯವರು ಸ್ವಲ್ಪ ಉಸಿರಾಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ‘ಹಾಗಾದರೆ ನನಗೂ ಬರುತ್ತದೆಯೇ?’ ಅನೇಕ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಕೇಳುವುದೂ ಇಲ್ಲ. ಎಲ್ಲರೂ ಮಲಗಿದ ಮೇಲೆ ಮೊಬೈಲ್‌ನಲ್ಲಿ ಹುಡುಕುತ್ತಾರೆ.

ಮನೆಯಲ್ಲಿ ಕೇಳಿದರೂ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, ‘ಸುಮ್ಮನಿರು, ಅಪಶಕುನ ಮಾತಾಡಬೇಡ’. ಇನ್ನೊಂದು, ‘ನಮ್ಮ ವಂಶದಲ್ಲೇ ಇದೆ, ಏನು ಮಾಡೋಕಾಗುತ್ತೆ’. ಎರಡೂ ತಪ್ಪು. ಅಪಾಯ ಎಷ್ಟು ಎಂಬುದನ್ನು ಬಹುಪಾಲು ಅಳೆಯಬಹುದು, ಅಪಾಯ ಹೆಚ್ಚಿದ್ದರೆ ಮಾಡಲು ಕೆಲಸವೂ ಇದೆ. ಆದರೆ ಆ ಸಲಹೆಗೆ ಒಂದು ಕ್ರಮ ಇದೆ. ಕ್ರಮ ತಪ್ಪಿದರೆ ಸಾವಿರಾರು ರೂಪಾಯಿಯ ಪರೀಕ್ಷೆ ಮಾಡಿಸಿಯೂ ಉತ್ತರ ಸಿಗದೇ ಹೋಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ಅದರಿಂದ ಮೃತಪಟ್ಟರು. ಹೈದರಾಬಾದ್, ಚೆನ್ನೈ, ಬೆಂಗಳೂರು, ದೆಹಲಿಯಂಥ ಮಹಾನಗರಗಳು ದೇಶದ ಪಟ್ಟಿಯಲ್ಲಿ ಮೇಲಿವೆ. ಇಷ್ಟು ಪ್ರಕರಣಗಳಲ್ಲಿ ತಾಯಿ ಅಥವಾ ತಂದೆಯಿಂದ ಬಂದ ಜೀನ್ ದೋಷವೇ ಕಾರಣ ಎನ್ನಬಹುದಾದವು ಶೇ.5ರಿಂದ 10ರಷ್ಟು ಮಾತ್ರ. ಉಳಿದ ಬಹುತೇಕ ಮಹಿಳೆಯರಲ್ಲಿ ಇಂಥ ಒಂದೇ ಕಾರಣವನ್ನು ತೋರಿಸಲು ಆಗುವುದಿಲ್ಲ.

ಹೆಚ್ಚಿನ ಅಪಾಯ ಎಂದರೆ ಯಾರಿಗೆ?

ಭಾರತದಲ್ಲಿ ಒಬ್ಬ ಮಹಿಳೆಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುಕಡಿಮೆ 30ರಲ್ಲಿ ಒಂದು. ಅಮೆರಿಕದಲ್ಲಿ ಇದು 8ರಲ್ಲಿ ಒಂದು. ತಾಯಿ, ಅಕ್ಕ-ತಂಗಿ ಅಥವಾ ಮಗಳು, ಇವರಲ್ಲಿ ಒಬ್ಬರಿಗೆ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ‘ಎರಡು ಪಟ್ಟು’ ಎಂದಾಗ ಎದೆ ಧಸಕ್ಕೆನ್ನುವುದು ಸಹಜ. ಆದರೆ 30ರಲ್ಲಿ ಒಂದು ಎಂಬುದು 15ರಲ್ಲಿ ಒಂದಾಗುತ್ತದೆ. ಅಂದರೆ ಅಂಥ 15 ಮಹಿಳೆಯರಲ್ಲಿ 14 ಮಂದಿಗೆ ಈ ಕಾಯಿಲೆ ಬರುವುದೇ ಇಲ್ಲ.

70 ದಾಟಿದ ಮೇಲೆ ಅಜ್ಜಿಗೆ ಬಂದಿತ್ತು, ಬೇರೆ ಯಾರಿಗೂ ಇಲ್ಲ ಎನ್ನುವ ಕುಟುಂಬದಲ್ಲಿ ಮೊಮ್ಮಗಳ ಅಪಾಯ ಇತರರಿಗಿಂತ ಅಷ್ಟೇನೂ ಬೇರೆಯಲ್ಲ. ವೈದ್ಯರ ಕಿವಿ ನಿಮಿರುವುದು ಬೇರೆ ಸಂದರ್ಭಗಳಲ್ಲಿ. 45-50 ವರ್ಷದ ಒಳಗೇ ಬಂದಿದ್ದರೆ, ಎರಡೂ ಸ್ತನಗಳಲ್ಲಿ ಬಂದಿದ್ದರೆ, ಒಂದೇ ಕಡೆಯ ಇಬ್ಬರು ಮೂವರು ಬಂಧುಗಳಿಗೆ ಬಂದಿದ್ದರೆ ಅದು ಎಚ್ಚರಿಕೆಯ ಗುರುತು. ಕುಟುಂಬದಲ್ಲಿ ಯಾರಿಗಾದರೂ ಅಂಡಾಶಯದ ಕ್ಯಾನ್ಸರ್ ಇದ್ದರೆ ಅಥವಾ ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಒಂದೇ ಪ್ರಕರಣವೂ ಸಾಕು. ‘ಟ್ರಿಪಲ್ ನೆಗೆಟಿವ್’ ಎಂದು ಬಯಾಪ್ಸಿ ವರದಿಯಲ್ಲಿ ಬರೆದಿರುವ ಬಗೆಯ ಕ್ಯಾನ್ಸರ್ ಕೂಡ ಇದೇ ಪಟ್ಟಿಗೆ ಸೇರುತ್ತದೆ.

ಕುಟುಂಬದಲ್ಲಿ ಏನೂ ಇಲ್ಲದೆಯೂ ಅಪಾಯ ಹೆಚ್ಚಿರುವವರು ಇದ್ದಾರೆ. ಚಿಕ್ಕ ವಯಸ್ಸಿನಲ್ಲಿ, ಅದರಲ್ಲೂ 10ರಿಂದ 30 ವರ್ಷದ ನಡುವೆ, ಹಾಜ್‌ಕಿನ್ ಲಿಂಫೋಮಾದಂಥ ಕಾಯಿಲೆಗೆ ಎದೆಭಾಗಕ್ಕೆ ರೇಡಿಯೇಷನ್ ಪಡೆದವರು ಒಂದು ಗುಂಪು. ಹಿಂದೆ ಗಂಟು ತೆಗೆಸಿದಾಗ ‘ಕ್ಯಾನ್ಸರ್ ಇಲ್ಲ, ಆದರೆ ಅಟಿಪಿಕಲ್ ಹೈಪರ್‌ಪ್ಲೇಸಿಯಾ ಇದೆ’ ಎಂದು ವರದಿ ಬಂದವರು ಇನ್ನೊಂದು. ಇಂಥವರಲ್ಲಿ ಅಪಾಯ ಸುಮಾರು ನಾಲ್ಕು ಪಟ್ಟು. ‘ಕ್ಯಾನ್ಸರ್ ಇಲ್ಲ’ ಎಂಬ ಮೊದಲ ಎರಡು ಪದ ಓದಿ ಖುಷಿಯಿಂದ ಫೈಲು ಕಪಾಟಿಗೆ ಹಾಕುವವರೇ ಹೆಚ್ಚು. ಆ ಹಳೆಯ ಫೈಲನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಮೊದಲ ಪರೀಕ್ಷೆಗೆ ಸೂಜಿ ಬೇಕಿಲ್ಲ

ಅಪಾಯದ ಸಲಹೆ ಶುರುವಾಗುವುದು ರಕ್ತ ಪರೀಕ್ಷೆಯಿಂದಲ್ಲ, ಒಂದು ಹಾಳೆ ಮತ್ತು ಪೆನ್ನಿನಿಂದ. ಮೂರು ತಲೆಮಾರಿನ ವಂಶವೃಕ್ಷ ಬರೆಯಬೇಕು. ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಬಂತು, ಈಗ ಇದ್ದಾರೆಯೇ ಎಂಬುದು ಬೇಕು. ಕ್ಯಾನ್ಸರ್ ಇಲ್ಲದವರನ್ನೂ ಬರೆಯಬೇಕು. ಆರು ಜನ ಅಕ್ಕತಂಗಿಯರಲ್ಲಿ ಒಬ್ಬರಿಗೆ ಬರುವುದಕ್ಕೂ ಇಬ್ಬರಲ್ಲಿ ಒಬ್ಬರಿಗೆ ಬರುವುದಕ್ಕೂ ವ್ಯತ್ಯಾಸವಿದೆ.

ಇಲ್ಲಿ ಕನ್ನಡದ ಸಂಬಂಧವಾಚಕಗಳು ಸ್ವಲ್ಪ ತೊಡಕು ಮಾಡುತ್ತವೆ. ‘ಅತ್ತೆಗೆ ಬ್ರೆಸ್ಟ್ ಕ್ಯಾನ್ಸರ್ ಇತ್ತು’ ಎಂದರೆ ಯಾವ ಅತ್ತೆ? ಅಪ್ಪನ ತಂಗಿಯೇ, ಸೋದರಮಾವನ ಹೆಂಡತಿಯೇ, ಗಂಡನ ತಾಯಿಯೇ? ಮೂವರಲ್ಲಿ ಸಾಮಾನ್ಯವಾಗಿ ರಕ್ತಸಂಬಂಧ ಇರುವುದು ಅಪ್ಪನ ತಂಗಿಗೆ ಮಾತ್ರ. ಅಮ್ಮನ ತಂಗಿಯೂ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮ. ಮುಂಬೈ, ದೆಹಲಿಯಲ್ಲಿ ಕನ್ನಡ ಬಾರದ ವೈದ್ಯರ ಮುಂದೆ ಇದೆಲ್ಲ ‘ಆಂಟಿ’ ಎಂಬ ಒಂದೇ ಪದವಾಗಿಬಿಡುತ್ತದೆ. ಆದ್ದರಿಂದ ‘ಅಪ್ಪನ ಒಡಹುಟ್ಟಿದ ತಂಗಿ’, ‘ಅಮ್ಮನ ಅಕ್ಕನ ಮಗಳು’ ಎಂದು ಬಿಡಿಸಿ ಹೇಳುವುದೇ ಸರಿ.

ಅತಿ ಹೆಚ್ಚು ಕೈತಪ್ಪುವುದು ಅಪ್ಪನ ಕಡೆ. ಸ್ತನ ಕ್ಯಾನ್ಸರ್ ಹೆಂಗಸರ ಕಾಯಿಲೆ, ಹಾಗಾಗಿ ಅಮ್ಮನ ಕಡೆ ನೋಡಿದರೆ ಸಾಕು ಎಂಬ ಭಾವನೆ ಜನರಲ್ಲಷ್ಟೇ ಅಲ್ಲ, ಕೆಲವು ವೈದ್ಯರಲ್ಲೂ ಇದೆ. ಆದರೆ ಈ ಜೀನ್‌ಗಳು ತಂದೆಯಿಂದಲೂ ಅಷ್ಟೇ ಸುಲಭವಾಗಿ ಬರುತ್ತವೆ. ಅಪ್ಪನಿಗೆ ಏನೂ ಆಗದಿರಬಹುದು. ಅವರ ತಾಯಿ, ತಂಗಿಯರ ಕಥೆ ಕೇಳಿದಾಗಲೇ ವಿಷಯ ಹೊರಬರುತ್ತದೆ.

ಹಿಂದಿನ ತಲೆಮಾರಿನ ಬಗ್ಗೆ ಕೇಳಿದರೆ ಕಾಯಿಲೆಯ ಹೆಸರು ಸಿಗುವುದು ಕಡಿಮೆ. ‘ಎದೆಯಲ್ಲಿ ಹುಣ್ಣಾಗಿತ್ತು’, ‘ಗಡ್ಡೆಯಾಗಿತ್ತು’ ಎನ್ನುತ್ತಾರೆ. ‘ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೋದರು’ ಎಂಬ ಮಾತು ಬಂದರೆ ಅನುಭವಿ ವೈದ್ಯರು ಅದನ್ನು ಗುರುತು ಹಾಕಿಕೊಳ್ಳುತ್ತಾರೆ. ಲಿವರ್ ಕಾಯಿಲೆಯಿಂದಲೂ ಹಾಗಾಗುತ್ತದೆ ನಿಜ. ಆದರೆ ಮಧ್ಯವಯಸ್ಸಿನ ಹೆಂಗಸಿನಲ್ಲಿ ಅದು ಪತ್ತೆಯಾಗದೇ ಹೋದ ಅಂಡಾಶಯದ ಕ್ಯಾನ್ಸರ್ ಆಗಿರುವ ಸಾಧ್ಯತೆಯೂ ಇದೆ. ಊರಿಂದ ದೂರ ಇರುವವರಿಗೆ ಈ ವಿವರ ಫೋನಿನಲ್ಲಿ ಒಂದೇ ಸಲಕ್ಕೆ ಸಿಗುವುದಿಲ್ಲ. ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ ಮನೆಯ ಹಿರಿಯಜ್ಜಿಯ ಪಕ್ಕ ಕುಳಿತು ಕೇಳಿದರೆ ಸಿಗುತ್ತದೆ.

ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಸೋದರಮಾವನನ್ನೋ, ಅತ್ತೆ-ಮಾವನ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇದೆ. ಅಂಥ ಕುಟುಂಬಗಳಲ್ಲಿ ಅಮ್ಮನ ಕಡೆ, ಅಪ್ಪನ ಕಡೆ ಎಂಬ ಗೆರೆಯೇ ಅಳಿಸಿಹೋಗಿರುತ್ತದೆ. ಇಲ್ಲಿ ‘ಅತ್ತೆ’ ಎರಡೂ ಅರ್ಥದಲ್ಲಿ ಅತ್ತೆಯೇ ಆಗಿರಬಹುದು. ಗಂಡ-ಹೆಂಡತಿ ಇಬ್ಬರಲ್ಲೂ ಒಂದೇ ಜೀನ್ ದೋಷ ಇರುವ ಸಾಧ್ಯತೆಯೂ ಬೇರೆಯವರಿಗಿಂತ ಹೆಚ್ಚು. ಬಿಆರ್‌ಸಿಎ2 ಜೀನ್‌ನಲ್ಲಿ ಹಾಗಾದರೆ ಅವರ ಪ್ರತಿ ಮಗುವಿಗೂ ಫ್ಯಾಂಕೋನಿ ಅನೀಮಿಯಾ ಎಂಬ ತೀವ್ರವಾದ ರಕ್ತದ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸಂಬಂಧದಲ್ಲೇ ಮದುವೆಯಾಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ನಗರದ ಆಸ್ಪತ್ರೆಯಲ್ಲಿ ಇದನ್ನು ಹೇಳಲು ನಾಚಿಕೊಳ್ಳುವವರಿದ್ದಾರೆ, ಆದರೆ ಮುಚ್ಚಿಟ್ಟರೆ ಸಲಹೆಯೇ ತಪ್ಪಾಗುತ್ತದೆ.

ಜೀನ್ ಪರೀಕ್ಷೆ ಮೊದಲು ಯಾರಿಗೆ?

1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಮತ್ತು ಸಂಗಡಿಗರು, ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಕಂಡ ಕುಟುಂಬಗಳನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣವಾದ ಒಂದು ಜೀನ್ 17ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು. 1994ರಲ್ಲಿ ಆ ಜೀನ್ ಬಿಆರ್‌ಸಿಎ1 ನಿಖರವಾಗಿ ಸಿಕ್ಕಿತು, ಮರುವರ್ಷ ಬಿಆರ್‌ಸಿಎ2 ಸಿಕ್ಕಿತು. ಇವು ಕ್ಯಾನ್ಸರ್ ತರುವ ಜೀನ್‌ಗಳಲ್ಲ. ಡಿಎನ್‌ಎಗೆ ಆಗುವ ಪೆಟ್ಟನ್ನು ರಿಪೇರಿ ಮಾಡುವ ಜೀನ್‌ಗಳು. ಎಲ್ಲರಲ್ಲೂ ಇರುತ್ತವೆ. ಅವು ಕೆಟ್ಟಿದ್ದರೆ ಮಾತ್ರ ಅಪಾಯ. ಕೆಟ್ಟ ಪ್ರತಿ ಇರುವ ತಾಯಿ ಅಥವಾ ತಂದೆಯಿಂದ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ.50. ಗಂಡು, ಹೆಣ್ಣು ಎಂಬ ಭೇದವಿಲ್ಲ. ಪಿಎಎಲ್‌ಬಿ2, ಟಿಪಿ53, ಸಿಎಚ್‌ಇಕೆ2, ಎಟಿಎಂ ಮುಂತಾದ ಬೇರೆ ಜೀನ್‌ಗಳೂ ಇವೆ. ಈಗಿನ ‘ಪ್ಯಾನೆಲ್’ ಪರೀಕ್ಷೆಯಲ್ಲಿ ಎಲ್ಲವನ್ನೂ ಒಟ್ಟಿಗೇ ನೋಡುತ್ತಾರೆ.

ಸಲಹೆಯ ಕ್ರಮ ತಪ್ಪುವುದು ಇಲ್ಲೇ. ಅಮ್ಮನಿಗೆ ಕ್ಯಾನ್ಸರ್ ಬಂತು, ಹೆದರಿದ ಮಗಳು ನೇರವಾಗಿ ಲ್ಯಾಬಿಗೆ ಹೋಗಿ ರಕ್ತ ಕೊಡುತ್ತಾಳೆ. ವರದಿ ‘ನೆಗೆಟಿವ್’ ಎಂದು ಬರುತ್ತದೆ. ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಆ ನೆಗೆಟಿವ್‌ಗೆ ಎರಡು ಅರ್ಥ ಸಾಧ್ಯ. ಅಮ್ಮನಲ್ಲಿ ಜೀನ್ ದೋಷ ಇತ್ತು, ಮಗಳಿಗೆ ದಾಟಲಿಲ್ಲ ಎಂದಾದರೆ ನಿಜಕ್ಕೂ ನಿರಾಳ. ಅವಳ ಅಪಾಯ ಹೆಚ್ಚುಕಡಿಮೆ ಎಲ್ಲರಷ್ಟೇ. ಆದರೆ ಅಮ್ಮನ ಕ್ಯಾನ್ಸರಿಗೆ ಈ ಪರೀಕ್ಷೆಗೆ ಸಿಗದ ಬೇರೆ ಕಾರಣ ಇದ್ದರೆ ಮಗಳ ನೆಗೆಟಿವ್ ವರದಿಯಿಂದ ಏನೂ ತಿಳಿದಂತಾಗುವುದಿಲ್ಲ. ಅಮ್ಮನ ಪರೀಕ್ಷೆ ಮಾಡದೇ ಇದ್ದರೆ ಇವೆರಡರಲ್ಲಿ ಯಾವುದು ಎಂದು ಹೇಳಲು ಬಾರದು.

ಆದ್ದರಿಂದಲೇ ಪರೀಕ್ಷೆ ಮೊದಲು ಕಾಯಿಲೆ ಬಂದವರಿಗೆ. ಅವರಲ್ಲಿ ದೋಷ ಸಿಕ್ಕರೆ ಉಳಿದವರಿಗೆ ಆ ಒಂದೇ ದೋಷ ಇದೆಯೇ ಎಂದು ನೋಡಿದರೆ ಸಾಕು. ಆ ಪರೀಕ್ಷೆಗೆ ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಅಮ್ಮನಿಗೂ ಇದರಿಂದ ಲಾಭವಿದೆ. ಬಿಆರ್‌ಸಿಎ ದೋಷ ಇದ್ದವರ ಕ್ಯಾನ್ಸರಿಗೆ ಒಲಾಪರಿಬ್‌ನಂಥ ಔಷಧಗಳು ಈಗ ಬಂದಿವೆ. ಇನ್ನೊಂದು ಸ್ತನ ಮತ್ತು ಅಂಡಾಶಯದ ಬಗ್ಗೆ ಮುಂಜಾಗ್ರತೆ ವಹಿಸಲೂ ಆಗುತ್ತದೆ.

ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದಿದೆ. ಕಾಯಿಲೆ ಬಂದವರು ತೀರಿಕೊಂಡ ಮೇಲೆ ಈ ಬಾಗಿಲು ಬಹುತೇಕ ಮುಚ್ಚಿಹೋಗುತ್ತದೆ. ಆಸ್ಪತ್ರೆಯಲ್ಲಿ ಉಳಿದಿರುವ ಗಡ್ಡೆಯ ತುಣುಕಿನಿಂದ ಕೆಲವೊಮ್ಮೆ ಪರೀಕ್ಷೆ ಸಾಧ್ಯ, ಆದರೆ ಅದು ಅಷ್ಟು ಖಚಿತವಲ್ಲ. ಕಾಯಿಲೆ ಮುಂದುವರಿದಿದ್ದರೂ ಅವರ ಒಪ್ಪಿಗೆ ಪಡೆದು ಒಂದಿಷ್ಟು ರಕ್ತದ ಮಾದರಿಯಿಂದ ಡಿಎನ್‌ಎ ತೆಗೆಸಿಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳಬಹುದು. ಎಷ್ಟೋ ತಾಯಂದಿರಿಗೆ ಮಗಳಿಗಾಗಿ ಇದೊಂದು ಮಾಡಿಟ್ಟೆ ಎಂಬ ಸಮಾಧಾನವೂ ಅದರಿಂದ ಸಿಗಬಹುದು.

ಮೂರನೆಯ ಬಗೆಯ ವರದಿಯೂ ಇದೆ. ಅದರಲ್ಲಿ ‘ವಿಯುಎಸ್’ ಎಂದು ಬರೆದಿರುತ್ತದೆ. ಜೀನ್‌ನಲ್ಲಿ ಒಂದು ಬದಲಾವಣೆ ಕಂಡಿದೆ, ಅದು ಅಪಾಯಕಾರಿಯೋ ಅಲ್ಲವೋ ಇನ್ನೂ ಗೊತ್ತಿಲ್ಲ ಎಂದರ್ಥ. ಜಗತ್ತಿನ ಜೀನ್ ಮಾಹಿತಿಯ ಬಹುಪಾಲು ಯುರೋಪ್ ಮೂಲದವರಿಂದ ಬಂದಿರುವುದರಿಂದ ಭಾರತೀಯರಲ್ಲಿ ಇಂಥ ವರದಿ ಬರುವುದು ಹೆಚ್ಚು. ಮುಂದೆ ಅರ್ಥ ತಿಳಿದಾಗ ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ. ವಿಯುಎಸ್ ವರದಿಯೊಂದನ್ನೇ ಹಿಡಿದು ಸ್ತನವನ್ನೋ ಅಂಡಾಶಯವನ್ನೋ ತೆಗೆಸುವುದು ಸರಿಯಲ್ಲ. ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಪರೀಕ್ಷೆ ಮಾಡಿಸಿಕೊಂಡವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ವರದಿ ಮನೆಗೆ ಬರುತ್ತದೆ, ಅದನ್ನು ಬಿಡಿಸಿ ಹೇಳುವವರು ಇರುವುದಿಲ್ಲ.

72 ಎಂಬ ಸಂಖ್ಯೆಯನ್ನು ಓದುವುದು ಹೇಗೆ?

ಹಾಲಿವುಡ್ ನಟಿ ಏಂಜಲೀನಾ ಜೋಲಿ 2013ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದು, ತಮ್ಮಲ್ಲಿ ಬಿಆರ್‌ಸಿಎ1 ದೋಷವಿದೆ, ಎರಡೂ ಸ್ತನಗಳನ್ನು ತೆಗೆಸಿಕೊಂಡಿದ್ದೇನೆ ಎಂದು ತಿಳಿಸಿದರು. ಅವರ ತಾಯಿ 56ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ವೈದ್ಯರು ಜೋಲಿಗೆ ಹೇಳಿದ್ದ ಅಪಾಯ ಶೇ.87. ಆ ಬೇಸಿಗೆಯಲ್ಲಿ ಬ್ರಿಟನ್‌ನ ಕೌಟುಂಬಿಕ ಸ್ತನ ಕ್ಯಾನ್ಸರ್ ಕ್ಲಿನಿಕ್‌ಗಳಿಗೆ ಬರುವವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಯಿತು.

ಆದರೆ 2017ರಲ್ಲಿ ಸುಮಾರು 10 ಸಾವಿರ ಮಹಿಳೆಯರನ್ನು ಅನುಸರಿಸಿ ನಡೆದ ಅಧ್ಯಯನದಲ್ಲಿ, 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಅಪಾಯ ಬಿಆರ್‌ಸಿಎ1 ಇದ್ದವರಿಗೆ ಶೇ.72, ಬಿಆರ್‌ಸಿಎ2 ಇದ್ದವರಿಗೆ ಶೇ.69 ಎಂದು ಕಂಡುಬಂತು. ಅಂಡಾಶಯದ ಕ್ಯಾನ್ಸರಿನ ಅಪಾಯ ಕ್ರಮವಾಗಿ ಶೇ.44 ಮತ್ತು 17. ಹಳೆಯ ಸಂಖ್ಯೆ ಹೆಚ್ಚಿರಲು ಕಾರಣವಿದೆ. ಅವು ತುಂಬಾ ಜನಕ್ಕೆ ಕ್ಯಾನ್ಸರ್ ಬಂದ ಕುಟುಂಬಗಳಿಂದ ತೆಗೆದ ಲೆಕ್ಕಗಳಾಗಿದ್ದವು. ಹೊಸ ಅಧ್ಯಯನದಲ್ಲೂ ಹೆಚ್ಚಿನವರು ಪಾಶ್ಚಾತ್ಯ ದೇಶದವರೇ ಆದ್ದರಿಂದ ಭಾರತೀಯರಿಗೆ ಇದು ದಿಕ್ಕು ತೋರಿಸುವ ಸಂಖ್ಯೆಯೇ ಹೊರತು ಹಣೆಬರಹವಲ್ಲ.

ಇನ್ನೂ ಮುಖ್ಯವಾದದ್ದು, 72 ಎಂಬುದು ಇಡೀ ಆಯುಷ್ಯದ ಲೆಕ್ಕ. ಅದೇ ಅಧ್ಯಯನದ ಪ್ರಕಾರ ಬಿಆರ್‌ಸಿಎ1 ಇದ್ದವರಲ್ಲಿ 30 ವರ್ಷದೊಳಗೆ ಅಪಾಯ ಶೇ.4ರಷ್ಟು, 40ರೊಳಗೆ ಶೇ.24, 50ರೊಳಗೆ ಶೇ.43. 25 ವರ್ಷದ ಹುಡುಗಿಗೆ ‘ನಿನಗೆ ಶೇ.72 ಅಪಾಯ’ ಎಂದಷ್ಟೇ ಹೇಳಿ ಕಳಿಸುವುದು ಸಲಹೆಯಲ್ಲ, ಬೆದರಿಕೆ. ‘ಮುಂದಿನ ಐದು ವರ್ಷದಲ್ಲಿ ಅಪಾಯ ಕಡಿಮೆ, ಅಷ್ಟರೊಳಗೆ ಯೋಚಿಸಲು ಸಮಯವಿದೆ. 30 ದಾಟಿದ ಮೇಲೆ ಅದು ಬೇಗ ಏರುತ್ತದೆ’ ಎಂದರೆ ಅವಳಿಗೆ ಮಾಡಲು ಏನಾದರೂ ಉಳಿಯುತ್ತದೆ.

ಜೀನ್ ಪರೀಕ್ಷೆ ಇಲ್ಲದೆ ಅಪಾಯ ಲೆಕ್ಕ ಹಾಕುವ ‘ಗೇಲ್ ಮಾದರಿ’ ಎಂಬ ಕ್ಯಾಲ್ಕುಲೇಟರ್ ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಅದು ತಾಯಿ, ಸೋದರಿ, ಮಗಳನ್ನು ಮಾತ್ರ ಕೇಳುತ್ತದೆ. ಅಪ್ಪನ ಕಡೆಯ ಇಬ್ಬರಿಗೆ 40ರಲ್ಲಿ ಬಂದಿದ್ದರೂ ಅದಕ್ಕೆ ಕಾಣುವುದಿಲ್ಲ. ಮೊದಲು ರೂಪಿಸಿದ್ದೂ ಬಿಳಿಯ ಅಮೆರಿಕನ್ ಮಹಿಳೆಯರ ಲೆಕ್ಕದಿಂದ. ಮನೆಯಲ್ಲಿ ಕುಳಿತು ಅಂಕಿ ಒತ್ತಿ ನೆಮ್ಮದಿ ಪಡುವುದಾಗಲಿ ಹೆದರುವುದಾಗಲಿ ಬೇಡ.

ಅಪಾಯ ಹೆಚ್ಚಿದೆ ಎಂದಾದರೆ ಮುಂದೇನು?

ಮೂರು ದಾರಿಗಳಿವೆ: ಕಣ್ಣಿಟ್ಟು ಕಾಯುವುದು, ಮಾತ್ರೆ, ಆಪರೇಷನ್. ಒಂದನ್ನು ಆರಿಸಿದರೆ ಇನ್ನೊಂದು ಮುಚ್ಚಿಹೋಯಿತು ಎಂದೇನಿಲ್ಲ. 27ರಲ್ಲಿ ಕಾಯುತ್ತಿದ್ದವರು 38ರಲ್ಲಿ ಆಪರೇಷನ್ ಬಯಸಬಹುದು.

ಕಣ್ಣಿಡುವುದು ಎಂದರೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಮಾಡುವ ಕೈಪರೀಕ್ಷೆ ಸಾಲದು. ಅದು ಎಲ್ಲರಿಗಾಗಿ ಇರುವ ಕಾರ್ಯಕ್ರಮ. ಬಿಆರ್‌ಸಿಎ ದೋಷ ಇದ್ದವರಿಗೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದು 25ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, 30ರಿಂದ ಅದರ ಜತೆಗೆ ಮ್ಯಾಮೊಗ್ರಾಂ. ಚಿಕ್ಕ ವಯಸ್ಸಿನ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಂನಲ್ಲಿ ಎಲ್ಲ ಬೆಳ್ಳಗೆ ಕಂಡು ಗಂಟು ಅಡಗಿಬಿಡುತ್ತದೆ. ಎಂಆರ್‌ಐ ಅದನ್ನು ಹಿಡಿಯುತ್ತದೆ, ಆದರೆ ಕ್ಯಾನ್ಸರ್ ಅಲ್ಲದ್ದನ್ನೂ ಹಿಡಿಯುತ್ತದೆ. ಅನಗತ್ಯ ಬಯಾಪ್ಸಿ, ವಾರಗಟ್ಟಲೆ ಆತಂಕ ಇದರ ಬೆಲೆ. ಮುಟ್ಟಿನ 7ರಿಂದ 15ನೇ ದಿನದ ನಡುವೆ ಎಂಆರ್‌ಐ ಮಾಡಿಸಿದರೆ ಇಂಥ ಸುಳ್ಳು ಎಚ್ಚರಿಕೆ ಕಡಿಮೆ. ಅಪಾಯಿಂಟ್‌ಮೆಂಟ್ ಕೊಡುವ ಕೌಂಟರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು. ಎದೆಗೆ ರೇಡಿಯೇಷನ್ ಪಡೆದವರು ಅದಾದ ಎಂಟು ವರ್ಷಕ್ಕೆ ಅಥವಾ 25ನೇ ವಯಸ್ಸಿಗೆ, ಯಾವುದು ತಡವೋ ಆಗ, ಇದೇ ಬಗೆಯ ತಪಾಸಣೆ ಶುರು ಮಾಡಬೇಕು. ಟಿಪಿ53 ದೋಷ ಇರುವವರಿಗೆ ವಿಕಿರಣವೇ ಅಪಾಯವಾದ್ದರಿಂದ ಅವರಿಗೆ ಎಂಆರ್‌ಐಗೇ ಆದ್ಯತೆ.

ಒಂದನ್ನು ನೆನಪಿಡಬೇಕು. ತಪಾಸಣೆ ಕ್ಯಾನ್ಸರನ್ನು ಬೇಗ ಹಿಡಿಯುತ್ತದೆ, ತಡೆಯುವುದಿಲ್ಲ. ತಡೆಯುವ ಕೆಲಸ ಮಾತ್ರೆಯದ್ದು ಮತ್ತು ಆಪರೇಷನ್‌ದು.

ಟಮಾಕ್ಸಿಫೆನ್ ಮಾತ್ರೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹಳೆಯದು, ಬೆಲೆಯೂ ಕಡಿಮೆ. ಕ್ಯಾನ್ಸರ್ ಬರದವರೂ ಮುಂಜಾಗ್ರತೆಗೆ ಇದನ್ನು ತೆಗೆದುಕೊಳ್ಳಬಹುದೇ ಎಂದು ಅಮೆರಿಕದಲ್ಲಿ 13 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1998ರಲ್ಲಿ ಬಂತು. ಅಪಾಯ ಶೇ.49ರಷ್ಟು ಇಳಿದಿತ್ತು. ಇದನ್ನು ಇನ್ನೊಂದು ರೀತಿಯಲ್ಲಿ ಹೇಳಿದರೆ, ಐದಾರು ವರ್ಷಗಳಲ್ಲಿ ಸಾವಿರ ಮಹಿಳೆಯರಲ್ಲಿ 43 ಮಂದಿಗೆ ಬರುತ್ತಿದ್ದದ್ದು 22 ಮಂದಿಗೆ ಬಂತು. ಎರಡೂ ನಿಜ. ವೈದ್ಯರು ಮೊದಲನೆಯದನ್ನು ಮಾತ್ರ ಹೇಳಿದರೆ ಎರಡನೆಯದನ್ನು ಕೇಳಿ ತಿಳಿದುಕೊಳ್ಳಿ. ಇದಕ್ಕೆದುರಾಗಿ ರಕ್ತ ಹೆಪ್ಪುಗಟ್ಟುವ ಅಪಾಯ, 50 ದಾಟಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಸ್ವಲ್ಪ ಹೆಚ್ಚುತ್ತದೆ. ಮೈ ಬಿಸಿಯೇರುವ ಕಿರಿಕಿರಿಯಿಂದ ಬಿಟ್ಟುಬಿಡುವವರೂ ಅನೇಕರು. ಗರ್ಭಿಣಿಯರು ತೆಗೆದುಕೊಳ್ಳುವಂತಿಲ್ಲ.

ಸಾಮಾನ್ಯವಾಗಿ ದಿನಕ್ಕೆ 20 ಮಿಲಿಗ್ರಾಂನಂತೆ ಐದು ವರ್ಷ ಕೊಡುತ್ತಾರೆ. ಅಟಿಪಿಕಲ್ ಹೈಪರ್‌ಪ್ಲೇಸಿಯಾದಂಥ ವರದಿ ಇದ್ದವರಿಗೆ 5 ಮಿಲಿಗ್ರಾಂ ಮೂರು ವರ್ಷ ಕೊಟ್ಟರೂ ಪರಿಣಾಮಕಾರಿ ಎಂದು ಇಟಲಿಯ ಪರೀಕ್ಷೆಯೊಂದು 2019ರಲ್ಲಿ ತೋರಿಸಿದೆ. ಮುಟ್ಟು ನಿಂತವರಿಗೆ ಅನಾಸ್ಟ್ರೋಜೋಲ್ ಎಂಬ ಇನ್ನೊಂದು ಮಾತ್ರೆಯಿದ್ದು, ಬ್ರಿಟನ್ 2023ರಲ್ಲಿ ಅದಕ್ಕೆ ಮುಂಜಾಗ್ರತಾ ಔಷಧವಾಗಿ ಅನುಮತಿ ನೀಡಿತು. ಈ ಮಾತ್ರೆಗಳು ತಡೆಯುವುದು ಹಾರ್ಮೋನ್‌ಗೆ ಸ್ಪಂದಿಸುವ ಕ್ಯಾನ್ಸರನ್ನು. ಬಿಆರ್‌ಸಿಎ1ನಿಂದ ಬರುವವು ಹೆಚ್ಚಾಗಿ ಆ ಬಗೆಯವಲ್ಲ, ಹಾಗಾಗಿ ಅವರಿಗೆ ಲಾಭ ಅಷ್ಟು ಖಚಿತವಿಲ್ಲ.

ಎರಡೂ ಸ್ತನ ತೆಗೆಸುವ ಆಪರೇಷನ್ ಅಪಾಯವನ್ನು ಶೇ.90ಕ್ಕೂ ಹೆಚ್ಚು ಇಳಿಸುತ್ತದೆ. ಇದಕ್ಕಿಂತ ಪರಿಣಾಮಕಾರಿಯಾದದ್ದು ಇಲ್ಲ. ಇದಕ್ಕಿಂತ ಕಠಿಣವಾದದ್ದೂ ಇಲ್ಲ. ಮತ್ತೆ ರೂಪ ಕೊಡುವ ಸರ್ಜರಿ ಇದೆ, ಆದರೆ ಸ್ಪರ್ಶದ ಅರಿವು ಬಹುಮಟ್ಟಿಗೆ ಹೋಗುತ್ತದೆ, ಮಗುವಿಗೆ ಹಾಲೂಡಿಸಲಾಗುವುದಿಲ್ಲ. ಅವಸರದಲ್ಲಿ ತೀರ್ಮಾನಿಸಬೇಕಾದ ವಿಷಯ ಇದಲ್ಲ. ಅಮ್ಮ ತೀರಿಕೊಂಡ ತಿಂಗಳಲ್ಲೋ, ವರದಿ ಕೈಗೆ ಬಂದ ವಾರದಲ್ಲೋ ನಿರ್ಧರಿಸಬಾರದು. ‘ಮಾಡಿಸಿಕೊಳ್ಳಲೇಬೇಕು’ ಎಂದು ಒತ್ತಾಯಿಸುವ ವೈದ್ಯರೂ, ‘ಹುಚ್ಚೇ ನಿನಗೆ’ ಎಂದು ಗದರುವ ಮನೆಯವರೂ ಇಲ್ಲಿ ಸಮಾನವಾಗಿ ದಾರಿಗಡ್ಡ.

ಅಂಡಾಶಯದ ವಿಷಯದಲ್ಲಿ ಮಾತ್ರ ಸಲಹೆ ಇನ್ನಷ್ಟು ಖಡಕ್. ಅಂಡಾಶಯದ ಕ್ಯಾನ್ಸರನ್ನು ಬೇಗ ಪತ್ತೆಹಚ್ಚಿ ಜೀವ ಉಳಿಸುವ ನಂಬಿಕಸ್ಥ ತಪಾಸಣೆ ಇನ್ನೂ ಇಲ್ಲ. ಸಿಎ-125 ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸುತ್ತಿದ್ದೇವೆ ಎಂದು ಧೈರ್ಯವಾಗಿರುವಂತಿಲ್ಲ. ಆದ್ದರಿಂದ ಮಕ್ಕಳು ಸಾಕು ಎನಿಸಿದ ಮೇಲೆ ಬಿಆರ್‌ಸಿಎ1 ಇದ್ದವರು 35ರಿಂದ 40ರೊಳಗೆ, ಬಿಆರ್‌ಸಿಎ2 ಇದ್ದವರು 40ರಿಂದ 45ರೊಳಗೆ ಅಂಡಾಶಯ ಮತ್ತು ಅಂಡನಾಳ ತೆಗೆಸಿಕೊಳ್ಳುವುದು ಒಳ್ಳೆಯದು ಎಂದು ಮಾರ್ಗಸೂಚಿಗಳು ಹೇಳುತ್ತವೆ. ಜೋಲಿ ಕೂಡ 2015ರಲ್ಲಿ ಇದನ್ನು ಮಾಡಿಸಿಕೊಂಡರು. ಮುಟ್ಟು ಥಟ್ಟನೆ ನಿಲ್ಲುತ್ತದೆ, ಮೂಳೆ ಮತ್ತು ಹೃದಯದ ಆರೈಕೆ ಬೇಕಾಗುತ್ತದೆ. ಯಾವ ವಯಸ್ಸಿಗೆ ಮದುವೆ, ಮಗು ಯಾವಾಗ ಎಂಬ ಪ್ರಶ್ನೆಗಳು ಹೀಗೆ ಆಸ್ಪತ್ರೆಯ ಮೇಜಿಗೇ ಬರುತ್ತವೆ. 28 ವರ್ಷದ ಮಹಿಳೆಗೆ ಈ ಗಡುವು ಮೊದಲೇ ಗೊತ್ತಿದ್ದರೆ ಅನುಕೂಲ. 41ರಲ್ಲಿ ಗೊತ್ತಾದರೆ ಯೋಚಿಸಲು ಸಮಯ ಕಡಿಮೆ.

ಇನ್ನು ಎಲ್ಲರಿಗೂ ಹೇಳುವ ಮಾತುಗಳು ಇವರಿಗೂ ಅನ್ವಯ: ಮದ್ಯ ಬೇಡ, ಮುಟ್ಟು ನಿಂತ ಮೇಲೆ ತೂಕ ಏರದಿರಲಿ, ದೇಹಕ್ಕೆ ವ್ಯಾಯಾಮ ಇರಲಿ, ಸಾಧ್ಯವಿದ್ದವರು ಮಗುವಿಗೆ ಹಾಲೂಡಿಸಲಿ. ಆದರೆ ಜೀನ್ ದೋಷ ಇರುವವರಿಗೆ ‘ಅರಿಶಿನ ಹಾಲು ಕುಡಿಯಿರಿ, ಯೋಗ ಮಾಡಿ, ಏನೂ ಆಗಲ್ಲ’ ಎಂದು ಹೇಳುವುದು ಅವರ ಸಮಯ ಕಳೆದಂತೆ.

ಮನೆಯವರಿಗೆ ಹೇಳುವುದು ಹೇಗೆ?

ವರದಿ ಬಂದ ಮೇಲೆ ಶುರುವಾಗುವ ಕಷ್ಟ ವೈದ್ಯಕೀಯವಾದದ್ದಲ್ಲ. ತಂಗಿಗೆ ಇನ್ನೂ ಮದುವೆಯಾಗಿಲ್ಲ, ವಿಷಯ ಹೊರಗೆ ಹೋದರೆ ಸಂಬಂಧ ಕುದುರುವುದಿಲ್ಲ ಎಂಬ ಭಯ ಸುಳ್ಳಲ್ಲ. ಆದರೆ ಬೀಗರಿಂದ ಮುಚ್ಚಿಡುವುದು ಬೇರೆ, ತಂಗಿಯಿಂದಲೇ ಮುಚ್ಚಿಡುವುದು ಬೇರೆ. ಅವಳಿಗೆ ತಿಳಿಯುವ ಹಕ್ಕಿದೆ. ಪರೀಕ್ಷೆ ಮಾಡಿಸಿಕೊಳ್ಳದಿರುವ ಹಕ್ಕೂ ಇದೆ. 18 ತುಂಬದ ಮಕ್ಕಳಿಗೆ ಬಿಆರ್‌ಸಿಎ ಪರೀಕ್ಷೆ ಮಾಡುವುದಿಲ್ಲ. ಆ ವಯಸ್ಸಿನಲ್ಲಿ ಮಾಡಬೇಕಾದದ್ದು ಏನೂ ಇಲ್ಲ, ತೀರ್ಮಾನ ಅವರದ್ದೇ ಆಗಬೇಕು.

ಗಂಡುಮಕ್ಕಳನ್ನು ಮರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಬಿಆರ್‌ಸಿಎ2 ಇರುವ ಗಂಡಸಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಜೀವಮಾನದಲ್ಲಿ ಸುಮಾರು ಶೇ.7. ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯವೂ ಹೆಚ್ಚು, ಅದಕ್ಕಾಗಿ 40ರಿಂದಲೇ ತಪಾಸಣೆ ಬೇಕು. ಅವನಿಗೆ ಹೆಣ್ಣುಮಕ್ಕಳಿದ್ದರೆ ಅವರ ಲೆಕ್ಕವೂ ಅವನ ವರದಿಯಿಂದಲೇ ಶುರುವಾಗಬೇಕು. ‘ಅಣ್ಣನಿಗೆ ಯಾಕೆ ಹೇಳಬೇಕು, ಅವನು ಗಂಡಸಲ್ಲವೇ’ ಎನ್ನುವವರಿಗೆ ಇದೇ ಉತ್ತರ.

ಆರೋಗ್ಯ ವಿಮೆಯ ಪ್ರಶ್ನೆಯೂ ಇದೆ. ಜೀನ್ ವರದಿ ನೋಡಿ ಆರೋಗ್ಯ ವಿಮೆ ನಿರಾಕರಿಸಬಾರದು ಎಂದು ಅಮೆರಿಕದಲ್ಲಿ 2008ರಲ್ಲೇ ಪ್ರತ್ಯೇಕ ಕಾನೂನು ಬಂದಿದೆ. ಭಾರತದಲ್ಲಿ ಅದಕ್ಕೆಂದೇ ಅಂಥ ಕಾನೂನು ಇಲ್ಲ. ಪಾಲಿಸಿ ಇಲ್ಲದವರು ಪರೀಕ್ಷೆಗೆ ಮುಂಚೆಯೇ ಈ ಬಗ್ಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಪರೀಕ್ಷೆಯಾದ ಮೇಲೆ ಅರ್ಜಿಯಲ್ಲಿ ಕೇಳಿದ್ದನ್ನು ಮುಚ್ಚಿಟ್ಟರೆ ಮುಂದೆ ಕ್ಲೇಮ್ ಬಿದ್ದುಹೋಗಬಹುದು.

ಎಲ್ಲಿಗೆ ಹೋಗಬೇಕು?

ಮುಂಬೈ ಮತ್ತು ಪುಣೆಯವರಿಗೆ ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್ ಸೆಂಟರ್‌ನ ಆಕ್ಟ್ರೆಕ್ ಸಂಸ್ಥೆಯಲ್ಲಿ ಕ್ಯಾನ್ಸರ್ ಜೆನೆಟಿಕ್ಸ್ ವಿಭಾಗವಿದೆ. ಚೆನ್ನೈಯವರಿಗೆ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಹತ್ತಿರ, ವೆಲ್ಲೂರಿನ ಸಿಎಂಸಿಯೂ ದೂರವಲ್ಲ. ಹೈದರಾಬಾದ್‌ನ ನಿಮ್ಸ್, ದೆಹಲಿಯ ಏಮ್ಸ್‌ನಲ್ಲಿ ಜೆನೆಟಿಕ್ಸ್ ಪರಿಣತರಿದ್ದಾರೆ. ದೇಶದಲ್ಲಿ ತರಬೇತಾದ ಜೆನೆಟಿಕ್ ಕೌನ್ಸೆಲರ್‌ಗಳು ಕಡಿಮೆ ಇರುವುದರಿಂದ ಎಷ್ಟೋ ಕಡೆ ಕ್ಯಾನ್ಸರ್ ತಜ್ಞರೇ ಈ ಕೆಲಸ ಮಾಡುತ್ತಾರೆ. ಪರೀಕ್ಷೆಗೆ ಮೊದಲು ಒಮ್ಮೆ, ವರದಿ ಬಂದ ಮೇಲೆ ಒಮ್ಮೆ ಕೂತು ಮಾತನಾಡುತ್ತೀರಾ ಎಂದು ಕೇಳಿ. ಇಲ್ಲ ಎಂದರೆ ಬೇರೆ ಕಡೆ ನೋಡಿ.

ಹೋಗುವಾಗ ಕಾಯಿಲೆ ಬಂದವರ ಬಯಾಪ್ಸಿ ವರದಿ, ಹಿಂದೆ ಯಾರಾದರೂ ಜೀನ್ ಪರೀಕ್ಷೆ ಮಾಡಿಸಿದ್ದರೆ ಅದರ ಪ್ರತಿ, ಮೂರು ತಲೆಮಾರಿನ ಹಾಳೆ ಜತೆಗಿರಲಿ. ಸಾಧ್ಯವಾದರೆ ಕಾಯಿಲೆ ಬಂದವರನ್ನೇ ಕರೆದುಕೊಂಡು ಹೋಗಿ. ವಿಯುಎಸ್ ವರದಿ ಬಂದವರು ಒಂದೆರಡು ವರ್ಷಕ್ಕೊಮ್ಮೆ ಅದೇ ಲ್ಯಾಬಿಗೆ ಅಥವಾ ವೈದ್ಯರಿಗೆ ಫೋನ್ ಮಾಡಿ, ಅರ್ಥ ಬದಲಾಗಿದೆಯೇ ಎಂದು ಕೇಳಬೇಕು. ಹೆಚ್ಚಿನ ಲ್ಯಾಬ್‌ಗಳು ತಾವಾಗಿ ತಿಳಿಸುವುದಿಲ್ಲ. ಕುಟುಂಬದಲ್ಲಿ ಇನ್ನೊಬ್ಬರಿಗೆ ಕಾಯಿಲೆ ಬಂದರೆ ಹಾಳೆಗೆ ಅವರ ಹೆಸರು, ವಯಸ್ಸು ಸೇರಿಸಿ, ಲೆಕ್ಕವನ್ನು ಹೊಸದಾಗಿ ಹಾಕಿಸಿಕೊಳ್ಳಬೇಕು.